ಸಿಡಿಲು ಬಡಿದವನಿಗೂ ಊರಿನ ಹಂಗು

‘ಮಿನ್ನಲ್ ಮುರಳಿ’ಯಲ್ಲಿ ನನ್ನ ಮನಸ್ಸನ್ನು ಹಿಡಿದವನು ನಾಯಕನಲ್ಲ, ಚಹಾ ಅಂಗಡಿಯಲ್ಲಿ ಕೆಲಸಕ್ಕಿರುವ ಶಿಬು. ಕುರುಕ್ಕನ್‌ಮೂಲ ಎಂಬ ಕಾಲ್ಪನಿಕ ಹಳ್ಳಿಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ಟೈಲರ್ ಜೈಸನ್; ಅಮೆರಿಕಕ್ಕೆ ಹಾರುವ ಆಸೆಯಲ್ಲಿರುವ ಯುವಕ. ಇನ್ನೊಬ್ಬ ಶಿಬು, ಊರವರ ಲೆಕ್ಕದಲ್ಲಿ ಅರೆಹುಚ್ಚ. ಇಬ್ಬರೂ ಬದುಕುಳಿಯುತ್ತಾರೆ, ಇಬ್ಬರಿಗೂ ಅತಿಮಾನುಷ ಶಕ್ತಿ ಬರುತ್ತದೆ. ಶಕ್ತಿ ಬಂದ ಮೇಲೆ ಶಿಬು ಲೋಕವನ್ನು ಆಳಲು ಹೊರಡುವುದಿಲ್ಲ. ಎಳೆಯ ವಯಸ್ಸಿನಿಂದ ಮನಸ್ಸಿನಲ್ಲಿಟ್ಟುಕೊಂಡ ಉಷಾ ಮಗಳೊಂದಿಗೆ ಊರಿಗೆ ಮರಳಿದ್ದಾಳೆ. ಆ ಮಗುವಿನ ಚಿಕಿತ್ಸೆಗೆ ಹಣ ಹೊಂದಿಸಬೇಕು, ಅವರಿಬ್ಬರ ಜೊತೆ ಒಂದು ಮನೆ ಮಾಡಬೇಕು. ಅವನಿಗೆ ಬೇಕಿರುವುದು ಇಷ್ಟೇ. 28 ವರ್ಷಗಳ ಕಾಯುವಿಕೆಯನ್ನು ಅವನು ಅವಳ ಮುಂದೆ ಹೇಳಿಕೊಳ್ಳುವಾಗ ಶಿಬು ಪಾತ್ರದ ಗುರು ಸೋಮಸುಂದರಂ ಮುಖದಲ್ಲಿ ನಗೆಯೂ ಅಳುವೂ ಒಟ್ಟಿಗೆ ಬರುತ್ತವೆ. ಖಳನಾಯಕ ಗೆಲ್ಲಲಿ ಎಂದು ನಾನು ಬಯಸಿದ ಸೂಪರ್‌ಹೀರೊ ಚಿತ್ರ ಇದೊಂದೇ. ಮುಂದೇನಾಗುತ್ತದೆ ಎಂಬುದನ್ನು ಇನ್ನೂ ನೋಡದವರಿಗಾಗಿ ಬಿಡುತ್ತೇನೆ.

ಬೇಸಿಲ್ ಜೋಸೆಫ್ ನಿರ್ದೇಶನದ ಈ ಚಿತ್ರ 2021ರ ಕ್ರಿಸ್‌ಮಸ್ ಹಿಂದಿನ ದಿನ ನೆಟ್‌ಫ್ಲಿಕ್ಸ್‌ಗೆ ಬಂತು. ಈಚೆಗೆ ಮತ್ತೊಮ್ಮೆ ನೋಡಿದಾಗ ನನಗೆ ಎದ್ದು ಕಂಡದ್ದು ಊರು. ಟೊವಿನೊ ಥಾಮಸ್ ಆಡುವ ಜೈಸನ್ ಎಷ್ಟೇ ವೇಗವಾಗಿ ಓಡಲಿ, ಅವನನ್ನು ‘ನಮ್ಮ ಹುಡುಗ’ ಎಂದು ಒಪ್ಪಬೇಕಾದವರು ಅದೇ ಬೀದಿಯ ಜನ. ಶಿಬು ಎಷ್ಟೇ ಬಲಶಾಲಿಯಾಗಲಿ, ಊರು ಅವನಿಗಿಟ್ಟ ಹೆಸರನ್ನು ಕಿತ್ತೆಸೆಯುವ ಬಲ ಅವನಿಗಿಲ್ಲ. ನೋವು ಹುಟ್ಟುವುದೇ ಅಲ್ಲಿ.

2012ರ ‘ದಿ ಅವೆಂಜರ್ಸ್’ನ ಕೊನೆಯ ಕಾಳಗದಲ್ಲಿ ನ್ಯೂಯಾರ್ಕಿನ ಕಟ್ಟಡಗಳು ಉರುಳುತ್ತವೆ. ಆ ಚಿತ್ರವನ್ನು ಖುಷಿಯಿಂದಲೇ ನೋಡಿದ್ದೇನೆ, ಅದರ ಕೈಚಳಕಕ್ಕೆ ಮನಸೋತಿದ್ದೇನೆ. ಆದರೆ ಆ ಬೀದಿಗಳಲ್ಲಿ ಅಂಗಡಿ ಇಟ್ಟವರು ಯಾರು, ಬೆಳಗಾದ ಮೇಲೆ ಅವರು ಏನು ಮಾಡಿದರು ಎಂಬುದು ನಮಗೆ ತಿಳಿಯುವುದೇ ಇಲ್ಲ. ಕುರುಕ್ಕನ್‌ಮೂಲದಲ್ಲಿ ಒಂದು ಚಹಾ ಅಂಗಡಿಗೆ ಕೇಡಾದರೂ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಅಲ್ಲಿ ಕೂತು ಚಹಾ ಕುಡಿಯುವವರ ಹೆಸರು ನಮಗೆ ಗೊತ್ತು.

ಆ ಕಣ್ಣಿನಿಂದಲೇ 2025ರ ‘ಲೋಕಃ: ಚಾಪ್ಟರ್ 1 – ಚಂದ್ರ’ ನೋಡಿದೆ. ಡೊಮಿನಿಕ್ ಅರುಣ್ ನಿರ್ದೇಶನದ ಈ ಚಿತ್ರ ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಐತಿಹ್ಯವನ್ನು ಎತ್ತಿಕೊಂಡು, ಜನ ಹೆದರುತ್ತಿದ್ದವಳನ್ನು ಜನರನ್ನು ಕಾಯುವವಳಾಗಿ ಮಾಡುತ್ತದೆ. ಕಾಡಿನ ಬುಡಕಟ್ಟಿನ ಬಾಲಕಿಯೊಬ್ಬಳು ಅರಸನ ಆಳುಗಳ ಕ್ರೌರ್ಯದ ನಡುವೆ ನೀಲಿಯಾಗುವ ಹಿನ್ನೋಟದ ಭಾಗಕ್ಕೆ ನಿಜವಾದ ತೂಕವಿದೆ. ಆಕೆಯ ಸಿಟ್ಟಿಗೆ ಒಂದು ನೆಲ ಇದೆ, ಕಾರಣ ಇದೆ. ಕಲ್ಯಾಣಿ ಪ್ರಿಯದರ್ಶನ್ ಹೆಚ್ಚು ಮಾತಾಡದೆ ಅದನ್ನು ಹೊತ್ತು ನಡೆಯುತ್ತಾರೆ. ನನ್ನ ತಕರಾರು ಇರುವುದು ವರ್ತಮಾನದ ಭಾಗದ ಬಗ್ಗೆ. ಕಥೆ ನಡೆಯುವುದು ಬೆಂಗಳೂರಿನಲ್ಲಿ, ಆದರೆ ಆ ಬೆಂಗಳೂರಿಗೆ ಊರಿನ ಉಸಿರಿಲ್ಲ. ಅಪಾರ್ಟ್‌ಮೆಂಟು, ಪಾರ್ಟಿ, ಕತ್ತಲೆಯ ಗಲ್ಲಿಗಳಿವೆ, ನೆರೆಹೊರೆ ಇಲ್ಲ. ಗೌಡ ಎಂಬ ಹೆಸರು ಹೊತ್ತು ಬರುವ ಪೊಲೀಸ್ ಅಧಿಕಾರಿ ಕೇಡಿಗ. ಅವನ ಬಾಯಲ್ಲಿ ಈ ನಗರದ ಹೆಣ್ಣುಮಕ್ಕಳ ಬಗ್ಗೆ ಬಂದ ಮಾತಿಗೆ ಇಲ್ಲಿ ಆಕ್ಷೇಪ ಎದ್ದು, ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿತು. ಆ ಒಂದು ಮಾತನ್ನು ಕತ್ತರಿಸಿದರೂ ನನ್ನ ಕೊರಗು ತೀರುವುದಿಲ್ಲ. ಕಾಡನ್ನು ಅಷ್ಟು ಅಕ್ಕರೆಯಿಂದ ಕಟ್ಟಿದವರು ನಗರವನ್ನೂ ಹಾಗೆಯೇ ನೋಡಿದ್ದರೆ ಚಿತ್ರ ಇನ್ನೂ ಎತ್ತರಕ್ಕೆ ಏರುತ್ತಿತ್ತು.

ಸೂಪರ್‌ಹೀರೊ ಚಿತ್ರಗಳ ನಡುವೆ ಎರಡು ಕರಾಳ ಹಾಸ್ಯದ ಚಿತ್ರಗಳನ್ನೂ ನೋಡಿದೆ. ಎರಡರಲ್ಲೂ ಸಾವೇ ಕಥೆಯ ಕೇಂದ್ರ. ಲಿಜೊ ಜೋಸ್ ಪೆಲ್ಲಿಶ್ಶೇರಿ ಅವರ ‘ಈ.ಮ.ಯೌ.’ ಚೆಲ್ಲಾನಂ ಎಂಬ ಕಡಲ ತೀರದ ಹಳ್ಳಿಯ ಕಥೆ. ಭರ್ಜರಿ ಶವಯಾತ್ರೆ ಮಾಡುತ್ತೇನೆಂದು ತಂದೆಗೆ ಮಾತು ಕೊಟ್ಟ ಮಗನಿಗೆ ಆ ರಾತ್ರಿಯೇ ತಂದೆಯ ಹೆಣ ಎದುರಾಗುತ್ತದೆ. ದುಡ್ಡಿಲ್ಲ, ಮಳೆ ನಿಲ್ಲುವುದಿಲ್ಲ, ಪಾದ್ರಿಗೆ ಅನುಮಾನ. ಚೆಂಬನ್ ವಿನೋದ್ ಅಭಿನಯಿಸಿದ ಆ ಮಗನ ಪಾಡು ನೋಡುತ್ತಾ ನಗುತ್ತೇವೆ, ಮರುಕ್ಷಣ ನಕ್ಕಿದ್ದಕ್ಕೆ ಗಂಟಲು ಕಟ್ಟುತ್ತದೆ.

ಆದರೂ ನನ್ನ ಪಾಲಿಗೆ ಈ ಬಗೆಯಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಮಂಡ್ಯದ ‘ತಿಥಿ’. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ನೊದೆಕೊಪ್ಪಲಿನಲ್ಲಿ 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನು ಬೈಯುತ್ತಾ ಬೈಯುತ್ತಾ ಸಾಯುತ್ತಾನೆ. ಹನ್ನೊಂದನೆಯ ದಿನ ತಿಥಿ. ಅಷ್ಟರೊಳಗೆ ಮೊಮ್ಮಗ ತಮ್ಮಣ್ಣ ಐದು ಎಕರೆ ಜಮೀನು ಮಾರಬೇಕು. ಅದು ತಂದೆ ಗಡ್ಡಪ್ಪನ ಮೂಲಕವೇ ಬರಬೇಕು, ಗಡ್ಡಪ್ಪನಿಗೆ ಯಾವ ಆಸ್ತಿಯೂ ಬೇಡ. ಅಗ್ಗದ ಬ್ರಾಂದಿ, ಬೀಡಿ, ಬಯಲಿನ ತಿರುಗಾಟ ಇದ್ದರೆ ಅವನಿಗೆ ಸಾಕು. ಕಡೆಗೆ ಮಗ, ಬದುಕಿರುವ ತಂದೆಯ ಡೆತ್ ಸರ್ಟಿಫಿಕೇಟ್ ಮಾಡಿಸಿ, ಯಾರ ಕಣ್ಣಿಗೂ ಬೀಳದಂತೆ ಅವನ ಕೈಗೆ ಕಾಸು ಕೊಟ್ಟು ಊರಾಚೆ ಕಳಿಸುತ್ತಾನೆ. ಗಡ್ಡಪ್ಪ ಕುರಿಗಾಹಿಗಳ ಜೊತೆ ಸೇರಿಕೊಳ್ಳುತ್ತಾನೆ.

ಈ ಚಿತ್ರ ಹಳ್ಳಿಯವರನ್ನು ನಗೆಪಾಟಲು ಮಾಡುತ್ತದೆ ಎಂದು ಹೇಳುವವರನ್ನು ಕಂಡಿದ್ದೇನೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿ ಬಯಲಿನಲ್ಲಿ ಕುರಿಗಾಹಿಗಳ ಮುಂದೆ ಗಡ್ಡಪ್ಪ ತನ್ನ ಹೆಂಡತಿಯ, ತನ್ನ ತಂದೆಯ ಕಥೆ ಬಿಚ್ಚುವ ಭಾಗವನ್ನು ಅವರು ಮತ್ತೊಮ್ಮೆ ನೋಡಬೇಕು. ಅಲ್ಲಿಯವರೆಗೆ ನಾವು ನಕ್ಕಿದ್ದ ಆ ಬೇಫಿಕರ್ ನಡೆಯ ಅಡಿಯಲ್ಲಿ ಎಂಥ ಗಾಯವಿತ್ತು ಎಂದು ಆಗ ತಿಳಿಯುತ್ತದೆ. ಅದನ್ನು ಹೇಳುವವರು ತರಬೇತಿ ಪಡೆದ ನಟರಲ್ಲ, ಆ ಸೀಮೆಯ ರೈತರೇ. ದನಿ ಏರಿಸದೆ, ಕಣ್ಣೀರು ತರಿಸಲು ಹವಣಿಸದೆ ಗಡ್ಡಪ್ಪನ ಪಾತ್ರದ ಚನ್ನೇಗೌಡರು ಆಡಿದ ಆ ಮಾತುಗಳಷ್ಟು ನಿಜವಾದ ಅಭಿನಯವನ್ನು ನಾನು ಕನ್ನಡ ಪರದೆಯ ಮೇಲೆ ಅಪರೂಪಕ್ಕೆ ಕಂಡಿದ್ದೇನೆ. ತಮ್ಮಣ್ಣನನ್ನೂ ಚಿತ್ರ ದುಷ್ಟನನ್ನಾಗಿ ಮಾಡುವುದಿಲ್ಲ. ಬಡ್ಡಿ ಸಾಲ ತಂದು, ಲಂಚ ಕೊಟ್ಟು, ಊರಿಗೆಲ್ಲ ಊಟ ಹಾಕಿಸುವ ಹೊಣೆ ಹೊತ್ತು ಓಡಾಡುವ ಅವನ ದಣಿವು ನಮ್ಮ ಎಷ್ಟೋ ಮನೆಗಳ ದಣಿವು.

ಕನ್ನಡದಲ್ಲಿ ಸೂಪರ್‌ಹೀರೊ ಕಥೆ ಬರೆಯುವ ಹಂಬಲವಿರುವ ಯುವ ನಿರ್ದೇಶಕರಿಗೆ ನನ್ನದೊಂದು ಕೋರಿಕೆ ಇದೆ. ಅವರು ‘ಮಿನ್ನಲ್ ಮುರಳಿ’ಯ ಜೊತೆಗೆ ‘ತಿಥಿ’ಯನ್ನೂ ನೋಡಲಿ. ನಾಯಕನ ಉಡುಪು ಯಾವ ಬಣ್ಣದ್ದು ಎಂದು ಯೋಚಿಸುವ ಮುಂಚೆ ಅವನ ಮನೆಯ ಪಹಣಿ ಯಾರ ಹೆಸರಿನಲ್ಲಿದೆ, ಅವನ ಅಪ್ಪ ಯಾರಿಂದ ಸಾಲ ತಂದಿದ್ದಾನೆ, ಅವನು ಹಾರುವುದನ್ನು ಕಂಡ ಪಕ್ಕದ ಮನೆಯಾಕೆ ಏನೆನ್ನುತ್ತಾಳೆ ಎಂಬುದನ್ನು ಬರೆದುಕೊಳ್ಳಲಿ.