ಗೋವಾ ರಾಜ್ಯದ ದೂರವಾಣಿ ಪ್ರದೇಶ ಸಂಕೇತ

ಗೋವಾ ರಾಜ್ಯದ ಸ್ಥಿರ ದೂರವಾಣಿಗಳ ಪ್ರದೇಶ ಸಂಕೇತವು (ಎಸ್.ಟಿ.ಡಿ. ಕೋಡ್) 0832 ಆಗಿದೆ. ಉತ್ತರದ ಪೆಡ್ನೆಯಿಂದ ದಕ್ಷಿಣದ ಕಾಣಕೋಣದವರೆಗೆ ರಾಜ್ಯದ ಎಲ್ಲ ತಾಲೂಕುಗಳಿಗೂ ಈ ಒಂದೇ ಸಂಕೇತವು ಅನ್ವಯಿಸುತ್ತದೆ. ಭಾರತದ ಬಹುತೇಕ ರಾಜ್ಯಗಳಲ್ಲಿ ಜಿಲ್ಲೆಗೆ, ಎಷ್ಟೋ ಕಡೆ ತಾಲೂಕಿಗೂ ಬೇರೆ ಬೇರೆ ಸಂಕೇತಗಳಿರುವುದರಿಂದ ಇದೊಂದು ಗಮನಾರ್ಹ ಸಂಗತಿ. ಆಡಳಿತದ ದೃಷ್ಟಿಯಿಂದ ಗೋವಾವು ಮಹಾರಾಷ್ಟ್ರ ದೂರಸಂಪರ್ಕ ವಲಯಕ್ಕೆ ಸೇರಿದ್ದರೂ, ಅದರ ಸಂಕೇತವು ಕರ್ನಾಟಕದ ಊರುಗಳ ಸಂಕೇತಗಳಂತೆ 08ರಿಂದ ಆರಂಭವಾಗುತ್ತದೆ.

ಹಿನ್ನೆಲೆ

ಹಿಂದೆ ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕರೆಯನ್ನು ಕಾದಿರಿಸಿ, ವಿನಿಮಯ ಕೇಂದ್ರದ ನಿರ್ವಾಹಕರು ಸಂಪರ್ಕ ಕಲ್ಪಿಸುವವರೆಗೆ ಕಾಯಬೇಕಾಗಿತ್ತು. ಚಂದಾದಾರರು ತಾವೇ ನೇರವಾಗಿ ಪರಊರಿನ ಸಂಖ್ಯೆಯನ್ನು ತಿರುಗಿಸುವ ಎಸ್.ಟಿ.ಡಿ. ವ್ಯವಸ್ಥೆಯು ಭಾರತದಲ್ಲಿ 1960ರಲ್ಲಿ ಕಾನ್ಪುರ ಮತ್ತು ಲಕ್ನೋ ನಗರಗಳ ನಡುವೆ ಮೊದಲು ಜಾರಿಗೆ ಬಂದಿತು. ನಿರ್ವಾಹಕರಿಲ್ಲದೆ ಯಂತ್ರವೇ ಕರೆಯ ದಾರಿಯನ್ನು ಕಂಡುಕೊಳ್ಳಬೇಕಾದರೆ ಪ್ರತಿಯೊಂದು ಪ್ರದೇಶಕ್ಕೂ ಒಂದು ಗುರುತು ಬೇಕು. ಆ ಗುರುತೇ ಪ್ರದೇಶ ಸಂಕೇತ.

ಗೋವಾ 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆಯಿಂದ ಮುಕ್ತವಾಯಿತು. ಅನಂತರ ಗೋವಾ, ದಮನ್ ಮತ್ತು ದಿಯು ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶವಾಗಿದ್ದವು. 1987ರ ಮೇ 30ರಂದು ಗೋವಾ ಪ್ರತ್ಯೇಕ ರಾಜ್ಯವಾಯಿತು. ಆದರೆ ದೂರವಾಣಿ ಸಂಕೇತಗಳು ಆಡಳಿತದ ಗಡಿಗಿಂತ ಭೂಗೋಳವನ್ನೇ ಅನುಸರಿಸುತ್ತವೆ. ಗುಜರಾತಿನ ಅಂಚಿನಲ್ಲಿರುವ ದಮನ್‌ನ ಸಂಕೇತ 0260, ದಿಯುವಿನದು 02875. ಇವೆರಡೂ ಗುಜರಾತಿನ ಸಂಕೇತಗಳ ಸಾಲಿನಲ್ಲಿವೆ. ಗೋವಾದ್ದು ಮಾತ್ರ ದಕ್ಷಿಣದ ಸಾಲಿನಲ್ಲಿದೆ.

ಎರಡರಿಂದ ಒಂದು

ರಾಜ್ಯಕ್ಕೆಲ್ಲ ಒಂದೇ ಸಂಕೇತವೆಂಬುದು ಮೊದಲಿನಿಂದ ಇದ್ದ ವ್ಯವಸ್ಥೆಯಲ್ಲ. ಹಿಂದೆ ಪಣಜಿ ಭಾಗಕ್ಕೆ 0832, ಮಡಗಾಂವ್ ಭಾಗಕ್ಕೆ 0834 ಎಂದು ಎರಡು ಸಂಕೇತಗಳಿದ್ದವು. ಕಾಲಕ್ರಮದಲ್ಲಿ ಮಡಗಾಂವ್ ಭಾಗವೂ 0832ಕ್ಕೆ ಸೇರಿತು. ಆರಂಕಿಯ ಸ್ಥಳೀಯ ಸಂಖ್ಯೆಗಳ ಮುಂದೆ 2 ಎಂಬ ಅಂಕಿಯನ್ನು ಸೇರಿಸಿ ಏಳಂಕಿಯ ಸಂಖ್ಯೆಗಳನ್ನಾಗಿ ಮಾಡಲಾಯಿತು. ಆದುದರಿಂದ ಹಳೆಯ ಪ್ರವಾಸಿ ಕೈಪಿಡಿ, ಆಮಂತ್ರಣ ಪತ್ರಿಕೆ ಅಥವಾ ಅಂಗಡಿಯ ರಸೀದಿಗಳಲ್ಲಿ 0834 ಎಂದು ಆರಂಭವಾಗುವ ಸಂಖ್ಯೆ ಕಂಡುಬಂದರೆ, ಅದನ್ನು ಇದ್ದಂತೆಯೇ ಒತ್ತಿದರೆ ಸಂಪರ್ಕ ದೊರೆಯುವುದಿಲ್ಲ.

ಸಂಖ್ಯೆಯ ರಚನೆ

ಭಾರತದ ಸಂಖ್ಯಾ ಯೋಜನೆಯಲ್ಲಿ ಆರಂಭದ ಸೊನ್ನೆಯನ್ನು ಬಿಟ್ಟರೆ ಪ್ರದೇಶ ಸಂಕೇತ ಮತ್ತು ಸ್ಥಳೀಯ ಸಂಖ್ಯೆ ಎರಡೂ ಸೇರಿ ಹತ್ತು ಅಂಕಿಗಳಾಗುತ್ತವೆ. ಸಂಕೇತವು ಚಿಕ್ಕದಾದಷ್ಟೂ ಸ್ಥಳೀಯ ಸಂಖ್ಯೆಗೆ ಹೆಚ್ಚು ಅಂಕಿಗಳು ಉಳಿಯುತ್ತವೆ.

ಬೆಂಗಳೂರು: 80 + ಎಂಟು ಅಂಕಿಗಳು
ಗೋವಾ: 832 + ಏಳು ಅಂಕಿಗಳು
ಕಾರವಾರ: 8382 + ಆರು ಅಂಕಿಗಳು

ಏಳಂಕಿಯ ಸಂಖ್ಯೆಯ ಮೊದಲ ಅಂಕಿಯು 2 ಎಂದು ನಿಗದಿಯಾದರೂ ಉಳಿದ ಆರು ಸ್ಥಾನಗಳಿಂದ ಹತ್ತು ಲಕ್ಷ ಸಂಖ್ಯೆಗಳು ದೊರೆಯುತ್ತವೆ. ಆರಂಕಿಯ ವ್ಯವಸ್ಥೆಯಲ್ಲಿ ಇದೇ ಲೆಕ್ಕವು ಒಂದು ಲಕ್ಷಕ್ಕೆ ಇಳಿಯುತ್ತದೆ. 2011ರ ಜನಗಣತಿಯಂತೆ ಗೋವಾದ ಜನಸಂಖ್ಯೆ ಸುಮಾರು 14.6 ಲಕ್ಷ, ವಿಸ್ತೀರ್ಣ 3,702 ಚದರ ಕಿಲೋಮೀಟರ್. ಇಷ್ಟು ಚಿಕ್ಕ ರಾಜ್ಯದ ಸ್ಥಿರ ದೂರವಾಣಿಗಳಿಗೆ ಒಂದು ಸಂಕೇತ ಏಕೆ ಸಾಕಾಗುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಂಕೇತ ಒಂದೇ ಆದರೂ ಸ್ಥಳೀಯ ಸಂಖ್ಯೆಯ ಮೊದಲ ಮೂರು ಅಂಕಿಗಳಿಂದ ಊರನ್ನು ಬಹುಮಟ್ಟಿಗೆ ಗುರುತಿಸಬಹುದು. ಬಿ.ಎಸ್.ಎನ್.ಎಲ್. ಸಂಖ್ಯೆಗಳಲ್ಲಿ 222 ಮತ್ತು 242 ಪಣಜಿಯನ್ನು, 226 ಮಾಪುಸಾವನ್ನು, 231 ಫೋಂಡಾವನ್ನು, 251 ವಾಸ್ಕೋವನ್ನು, 273 ಮಡಗಾಂವನ್ನು ಸಾಮಾನ್ಯವಾಗಿ ಸೂಚಿಸುತ್ತವೆ.

ನೆರೆಯ ಪ್ರದೇಶಗಳೊಂದಿಗೆ ಹೋಲಿಕೆ

ಸಂಕೇತದ ಮೊದಲ ಅಂಕಿಯು ದೇಶದ ಒಂದು ದೊಡ್ಡ ಭಾಗವನ್ನು ಸೂಚಿಸುತ್ತದೆ. ಮಹಾರಾಷ್ಟ್ರದ ಊರುಗಳ ಸಂಕೇತಗಳಲ್ಲಿ ಸೊನ್ನೆಯ ನಂತರ ಸಾಮಾನ್ಯವಾಗಿ 2, ಕರ್ನಾಟಕದಲ್ಲಿ 8 ಬರುತ್ತದೆ. ಗೋವಾದ ಉತ್ತರಕ್ಕಿರುವ ಸಾವಂತವಾಡಿಯ ಸಂಕೇತ 02363. ಪೂರ್ವದ ಬೆಳಗಾವಿಯದು 0831, ಹುಬ್ಬಳ್ಳಿ–ಧಾರವಾಡದ್ದು 0836. ಗೋವಾದ 0832 ಈ ಎರಡರ ಮಧ್ಯದಲ್ಲಿ, ಮನೆಯವರ ಸಾಲಿನಲ್ಲಿ ಕುಳಿತಂತೆ ಕುಳಿತಿದೆ.

ದಕ್ಷಿಣದ ನೆರೆಯಾದ ಉತ್ತರ ಕನ್ನಡ ಜಿಲ್ಲೆಯು ವಿಸ್ತೀರ್ಣದಲ್ಲಿ ಗೋವಾದ ಎರಡೂವರೆ ಪಟ್ಟಿಗಿಂತ ದೊಡ್ಡದು. ಅಲ್ಲಿ ಕಾರವಾರಕ್ಕೆ 08382, ಶಿರಸಿಗೆ 08384, ಭಟ್ಕಳಕ್ಕೆ 08385, ಕುಮಟಾಕ್ಕೆ 08386, ಹೊನ್ನಾವರಕ್ಕೆ 08387, ಅಂಕೋಲಾಕ್ಕೆ 08388 ಎಂಬ ಬೇರೆ ಬೇರೆ ಸಂಕೇತಗಳಿವೆ. ಕುಮಟಾದ ಸ್ಥಿರ ದೂರವಾಣಿಯಿಂದ ಪಕ್ಕದ ಹೊನ್ನಾವರಕ್ಕೆ ಕರೆಮಾಡುವವರು ಸಂಕೇತವನ್ನು ಸೇರಿಸಬೇಕು. ಪೆಡ್ನೆಯಿಂದ ಇಡೀ ರಾಜ್ಯವನ್ನು ದಾಟಿ ಕಾಣಕೋಣಕ್ಕೆ ಕರೆಮಾಡುವವರಿಗೆ ಅದರ ಅಗತ್ಯವಿಲ್ಲ. ಕಾರವಾರ ತಾಲೂಕಿನ ಮಾಜಾಳಿಯನ್ನು ದಾಟಿ ಗೋವಾದ ಪೊಳೆಂ ಸೇರುವಷ್ಟರಲ್ಲಿ ರಾಜ್ಯದೊಂದಿಗೆ ಸಂಕೇತವೂ ಬದಲಾಗುತ್ತದೆ. ಗಡಿಯ ಎರಡೂ ಕಡೆ ಬಂಧುಬಳಗವಿರುವ ಕುಟುಂಬಗಳು ಎರಡೂ ಸಂಕೇತಗಳನ್ನು ತಿಳಿದಿರಬೇಕಾಗುತ್ತದೆ.

ಕರೆ ಮಾಡುವ ಕ್ರಮ

ಗೋವಾದ ಒಂದು ಸ್ಥಿರ ದೂರವಾಣಿಯಿಂದ ಇನ್ನೊಂದಕ್ಕೆ: ಏಳು ಅಂಕಿಗಳು ಮಾತ್ರ.
ಭಾರತದ ಇತರ ಭಾಗಗಳಿಂದ: 0832, ಅನಂತರ ಏಳು ಅಂಕಿಗಳು.
ಮೊಬೈಲ್‌ನಿಂದ: ಗೋವಾದೊಳಗೇ ಇದ್ದರೂ 0832 ಸೇರಿಸಬೇಕು.
ವಿದೇಶಗಳಿಂದ: ಆರಂಭದ ಸೊನ್ನೆಯನ್ನು ಬಿಟ್ಟು +91 832, ಅನಂತರ ಏಳು ಅಂಕಿಗಳು.
ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ: 2021ರ ಜನವರಿ 15ರಿಂದ ದೇಶದಾದ್ಯಂತ ಹತ್ತಂಕಿಯ ಸಂಖ್ಯೆಯ ಮೊದಲು ಸೊನ್ನೆ ಕಡ್ಡಾಯ.
ತುರ್ತು ಸೇವೆಗೆ: 112. ಇದಕ್ಕೆ ಪ್ರದೇಶ ಸಂಕೇತ ಬೇಕಿಲ್ಲ.

ಮೊಬೈಲ್ ಯುಗದಲ್ಲಿ

ಮೊಬೈಲ್ ಸಂಖ್ಯೆಗಳಿಗೆ ಪ್ರದೇಶ ಸಂಕೇತವಿಲ್ಲ. ಅವುಗಳ ಆರಂಭದ ಅಂಕಿಗಳು ಸೇವಾ ಸಂಸ್ಥೆ ಮತ್ತು ವಲಯವನ್ನು ಸೂಚಿಸುತ್ತಿದ್ದವು. ಗೋವಾದ ಮೊಬೈಲ್‌ಗಳು ಮಹಾರಾಷ್ಟ್ರ ವಲಯದ ಲೆಕ್ಕಕ್ಕೆ ಸೇರುತ್ತವೆ. 2011ರ ಜನವರಿಯಲ್ಲಿ ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಸಂಸ್ಥೆಯನ್ನು ಬದಲಿಸುವ ಸೌಲಭ್ಯ ಬಂದಿತು. 2015ರ ಜುಲೈಯಿಂದ ವಲಯ ಬದಲಾದರೂ ಸಂಖ್ಯೆಯನ್ನು ಉಳಿಸಿಕೊಳ್ಳುವುದು ಸಾಧ್ಯವಾಯಿತು. ಹೀಗಾಗಿ ಮೊಬೈಲ್ ಸಂಖ್ಯೆಯನ್ನು ನೋಡಿ ಊರನ್ನು ಹೇಳುವುದು ಈಗ ಕಷ್ಟ.

ಸ್ಥಿರ ದೂರವಾಣಿಯ ಸಂಕೇತವು ಇಂದಿಗೂ ಸ್ಥಳವನ್ನು ಸೂಚಿಸುತ್ತದೆ. ಆದರೆ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ವಂಚಕರು ಬದಲಿಸಿ ತೋರಿಸಬಲ್ಲರು. ಆದಕಾರಣ 0832 ಎಂದು ಕಂಡ ಮಾತ್ರಕ್ಕೆ ಕರೆಯು ಗೋವಾದ ಕಚೇರಿಯಿಂದಲೇ ಬಂದಿದೆ ಎಂದು ನಿರ್ಧರಿಸಲಾಗದು. ಹಣ ಅಥವಾ ಗುಪ್ತಸಂಖ್ಯೆಯನ್ನು ಕೇಳುವ ಕರೆಗಳಲ್ಲಿ, ಆ ಕಚೇರಿಯು ಅಧಿಕೃತವಾಗಿ ಪ್ರಕಟಿಸಿರುವ ಸಂಖ್ಯೆಗೆ ತಾವೇ ಮರಳಿ ಕರೆಮಾಡಿ ಖಚಿತಪಡಿಸಿಕೊಳ್ಳುವುದು ಸುರಕ್ಷಿತ.