ಅರಿಸಿನಕ್ಕೂ ಒಂದು ಪರೀಕ್ಷೆ

ಸಾಂಗ್ಲಿ–ಮೀರಜಗಳ ನಡುವಿನ ವಿಶ್ರಾಮಬಾಗ ಕನ್ನಡಿಗರಿಗೆ ಹೊಸ ಹೆಸರಲ್ಲ. 1919ರಲ್ಲಿ ಸ್ಥಾಪನೆಯಾದ ಅಲ್ಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು, ವಿ. ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಆದರೆ ಆ ಸೀಮೆಯನ್ನು ದೇಶವೆಲ್ಲ ಬಲ್ಲದ್ದು ಅರಿಸಿನದಿಂದ. ಸಮೀಪದ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ಪದ್ಧತಿ ಬಹಳ ಹಳೆಯದು. 2018ರಲ್ಲಿ ಸಾಂಗ್ಲಿ ಅರಿಸಿನಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರಕಿತು.

ಗಾಯಕ್ಕೆ ಅರಿಸಿನ ಹಚ್ಚುವುದನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ 1995ರಲ್ಲಿ ಅಮೆರಿಕ ಅದಕ್ಕೇ ಪೇಟೆಂಟ್ ಕೊಟ್ಟಿತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿತು. ವ್ಯಾಜ್ಯ ಗೆದ್ದೆವು, ಸಂತೋಷ. ಆದರೆ ಗುಣವೆಷ್ಟು ಎಂಬ ಪ್ರಶ್ನೆಗೆ ಉತ್ತರ ಪ್ರಯೋಗಶಾಲೆಯಲ್ಲೇ ಸಿಗಬೇಕು.

ಪರೀಕ್ಷೆಯ ಕ್ರಮ ಸರಳ. ಕೊಂಬಿನ ಪುಡಿಯನ್ನು ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ತಟ್ಟೆಯಲ್ಲಿ ಅಗರ್ ಪಾಕ ಹೊಯ್ದು, ಮೇಲೆ ರೋಗಾಣು ಬಿತ್ತಿ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು ಒಂದು ರಾತ್ರಿ ಬೆಚ್ಚಗೆ ಇರಿಸುತ್ತಾರೆ. ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ವಲಯವನ್ನು ಮರುದಿನ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಪಕ್ಕದಲ್ಲಿ ಬರಿಯ ಮದ್ಯಸಾರದ ಬಿಲ್ಲೆಯೂ ಇರಲೇಬೇಕು. ಇಲ್ಲವಾದರೆ ಮದ್ಯಸಾರದ ಕೀರ್ತಿ ಅರಿಸಿನಕ್ಕೆ ಸಲ್ಲೀತು! ಅರಿಸಿನದ ಹಳದಿ ಸತ್ವವಾದ ಕುರ್ಕುಮಿನ್ ರೋಗಾಣುಗಳನ್ನು ತಡೆಯುವುದೆಂದು 1949ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಗಿತ್ತು. ಕೀವು ಕಟ್ಟಿಸುವ ಸ್ಟೆಫಿಲೊಕಾಕಸ್ ಅದಕ್ಕೆ ಬಗ್ಗುವಷ್ಟು ಸುಲಭವಾಗಿ, ಹೊರಪೊರೆಯ ರಕ್ಷಣೆಯುಳ್ಳ ಇ. ಕೋಲೈ ಬಗ್ಗದು.

ತಟ್ಟೆಯಲ್ಲಿ ಗೆದ್ದದ್ದು ಹೊಟ್ಟೆಯಲ್ಲಿ ಗೆಲ್ಲಬೇಕೆಂದಿಲ್ಲ. ಕುರ್ಕುಮಿನ್ ನೀರಿನಲ್ಲಿ ಕರಗುವುದು ಕಷ್ಟ. ನುಂಗಿದರೆ ರಕ್ತಕ್ಕೆ ಸೇರುವುದು ತೀರ ಅಲ್ಪ.

ಇನ್ನು ವಿಷದ ಮಾತು. ಉಪ್ಪುನೀರಿನ ಕಿರುಸಿಗಡಿಯ ಮರಿಗಳನ್ನು ಸಾರದಲ್ಲಿ 24 ಗಂಟೆ ಬಿಟ್ಟು, ಅರ್ಧದಷ್ಟು ಮರಿಗಳು ಸಾಯುವ ಪ್ರಮಾಣವನ್ನು ಕಂಡುಹಿಡಿಯುವುದು ಇದರ ಮೊದಲ ಮೆಟ್ಟಿಲು. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ನಾವು ಅಂಜಬೇಕಾಗಿಲ್ಲ. ಕುರ್ಕುಮಿನ್ನಿಗೆ ಅಂತಾರಾಷ್ಟ್ರೀಯ ತಜ್ಞರು ಇಟ್ಟ ಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ. ಐವತ್ತು ಕಿಲೋದವರಿಗೆ 150 ಮಿಲಿಗ್ರಾಂ. ಪೇಟೆಯ ಒಂದೊಂದು ಗುಳಿಗೆಯಲ್ಲೇ 500 ಮಿಲಿಗ್ರಾಂ ಇರುವುದುಂಟು. ಅಂಥವನ್ನು ನುಂಗಿ ಯಕೃತ್ತು ಕೆಟ್ಟವರ ವರದಿಗಳೂ ಇವೆ.

ಅದಕ್ಕಿಂತ ಘೋರವಾದುದು ಗಿಡದ್ದಲ್ಲದ ವಿಷ. ಕೊಂಬು ಹೊಳೆಯಲೆಂದು ಸವರುವ ಸೀಸದ ಕ್ರೋಮೇಟ್ ಮಕ್ಕಳ ಮಿದುಳಿಗೇ ಕುತ್ತು ತರುತ್ತದೆ. ಪುಡಿ ಬೇಡ, ಕೊಂಬೇ ಸಾಕು ಎಂದರೂ ತಪ್ಪಿದ್ದಲ್ಲ, ಬಣ್ಣ ಸವರುವುದು ಕೊಂಬಿಗೇ! ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಸರಕಾರ ದಾಳಿಯಿಟ್ಟು ದಂಡ ಹಾಕಿತು. 2021ರಲ್ಲಿ ಒಂದರಲ್ಲೂ ಸಿಗಲಿಲ್ಲ.