ಎರಡೂ ಬದಿಗೆ ಒಂದೇ ಮುಖ

ರೋಮನ್ನರ ಬೆಳ್ಳಿ ನಾಣ್ಯ ಡಿನೇರಿಯಸ್. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕ ನಾಣ್ಯವಿದು. ಇವುಗಳ ರಾಶಿಯಲ್ಲಿ ಒಮ್ಮೊಮ್ಮೆ ವಿಚಿತ್ರವಾದದ್ದೊಂದು ಕಣ್ಣಿಗೆ ಬೀಳುತ್ತದೆ. ಒಂದು ಬದಿಯಲ್ಲಿ ದೇವತೆಯ ತಲೆ ಉಬ್ಬಿ ನಿಂತಿದೆ. ತಿರುಗಿಸಿದರೆ ರಥವೋ ಕುದುರೆ ಸವಾರನೋ ಇರಬೇಕಾದಲ್ಲಿ ಅದೇ ತಲೆ. ಆದರೆ ಒಳಕ್ಕೆ ತಗ್ಗಾಗಿ, ಎಡಬಲ ಅದಲುಬದಲಾಗಿ. ನಾಣ್ಯಶಾಸ್ತ್ರಜ್ಞರು ಇದನ್ನು ಬ್ರಾಕೇಜ್ ಎನ್ನುತ್ತಾರೆ.

ಇದರ ಮೂಲ ಹುಡುಕಲು ಟಂಕಸಾಲೆಯೊಳಕ್ಕೇ ಹೋಗಬೇಕು. ಕ್ರಿ.ಪೂ. 46ರಲ್ಲಿ ಟೈಟಸ್ ಕ್ಯಾರಿಸಿಯಸ್ ಹೊರಡಿಸಿದ ಡಿನೇರಿಯಸ್ ಮೇಲೆ ಅಲ್ಲಿನ ಸುತ್ತಿಗೆ, ಇಕ್ಕುಳಗಳ ಚಿತ್ರವೇ ಇದೆ. ತಲೆಯ ಅಚ್ಚನ್ನು ಕೆಳಗೆ ಅಲುಗಾಡದಂತೆ ಕೂರಿಸುತ್ತಿದ್ದರು. ಅದರ ಮೇಲೆ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಬದಿಯ ಅಚ್ಚು. ಆಮೇಲೆ ಸುತ್ತಿಗೆಯ ಏಟು. ಕೆಲವೊಮ್ಮೆ ಹೊಸ ನಾಣ್ಯ ಮೇಲಚ್ಚಿಗೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತಿತ್ತು. ಅದನ್ನು ಗಮನಿಸದೆ ಮುಂದಿನ ಬಿಲ್ಲೆಯಿಟ್ಟು ಹೊಡೆದರೆ, ಸಿಕ್ಕಿಕೊಂಡ ನಾಣ್ಯವೇ ಅಚ್ಚಾಗಿ ತನ್ನ ತಲೆಯನ್ನು ಹೊಸದರೊಳಕ್ಕೆ ಒತ್ತುತ್ತಿತ್ತು. ಕೆಳಗಿನ ಅಚ್ಚಿಗೆ ಅಂಟಿದ್ದು ಕಣ್ಣೆದುರೇ ಇರುತ್ತದೆ, ಮೇಲಚ್ಚಿನ ತಳ ಕಾಣುವುದಿಲ್ಲ. ಬ್ರಾಕೇಜ್‌ಗಳಲ್ಲಿ ಹೆಚ್ಚಿನವು ತಲೆಯವೇ ಆಗಿರುವುದಕ್ಕೆ ಕಾರಣ ಇದು. ಸಿಕ್ಕಿಕೊಂಡದ್ದನ್ನು ಕೀಳುವ ತನಕ ಏಟಿಗೊಂದು ತಪ್ಪು ನಾಣ್ಯ. ಏಟು ಬಿದ್ದಂತೆಲ್ಲ ಅಂಟಿದ ಬೆಳ್ಳಿ ಚಪ್ಪಟೆಯಾಗಿ ಹರಡುವುದರಿಂದ ಒಳತಲೆಯೂ ಹಿಗ್ಗುತ್ತ, ಮಸುಕಾಗುತ್ತ ಹೋಗುತ್ತದೆ. ಹೀಗಾಗಿ ತಗ್ಗಿನ ತಲೆ ಎಷ್ಟು ಹಿಗ್ಗಿದೆಯೆಂದು ನೋಡಿ, ಆ ನಾಣ್ಯ ತಪ್ಪಿನ ಶುರುವಿನದೋ ಕೊನೆಯದೋ ಎಂದು ಊಹಿಸಬಹುದು. ನನಗಂತೂ ನಾಣ್ಯಗಳ ಮೇಲಿನ ಚಕ್ರವರ್ತಿಗಳ ಘೋಷಣೆಗಳಿಗಿಂತ ಈ ಗುರುತು ಹೆಚ್ಚು ಆಪ್ತ.

ಕೆಲಸದ ಒತ್ತಡವೂ ಸಣ್ಣದಲ್ಲ. ಇಟಲಿಯ ಮಿತ್ರಪಟ್ಟಣಗಳು ರೋಮಿನ ಮೇಲೆ ತಿರುಗಿಬಿದ್ದಾಗ, ಕ್ರಿ.ಪೂ. 90ರಲ್ಲಿ, ಟಂಕಸಾಲೆಯ ಅಧಿಕಾರಿ ಪೈಸೊ ಫ್ರುಗಿಯ ಡಿನೇರಿಯಸ್‌ಗಳನ್ನು ನೂರಾರು ಅಚ್ಚುಗಳಿಂದ ಅಪಾರ ಸಂಖ್ಯೆಯಲ್ಲಿ ಹೊಡೆದರು. ಒಂದು ಕಡೆ ಅಪೊಲೊ, ಇನ್ನೊಂದು ಕಡೆ ಓಡುವ ಕುದುರೆಯ ಸವಾರ. ತೂಕ ಸುಮಾರು 3.9 ಗ್ರಾಂ. ಚಿತ್ರ ತಪ್ಪಿದರೂ ಬೆಳ್ಳಿಯ ತೂಕ ತಪ್ಪುತ್ತಿರಲಿಲ್ಲ. ಅಂಥ ನಾಣ್ಯ ಸಂತೆಯಲ್ಲಿ ಸಲೀಸಾಗಿ ನಡೆದುಹೋಗಿರಬೇಕು.

ಏಟು ಓರೆಯಾಗಿ ಬಿದ್ದು ಅರ್ಧ ಚಿತ್ರ ಹೊರಗುಳಿದದ್ದು, ಎರಡೇಟಿಗೆ ಮೂಗೆರಡಾದದ್ದು ಬ್ರಾಕೇಜ್‌ಗಿಂತಲೂ ಸಾಮಾನ್ಯ. ಬಿಲ್ಲೆಯಿಡುವುದನ್ನೇ ಮರೆತರೆ ಅಚ್ಚಿಗೆ ಅಚ್ಚು ಬಡಿದು, ಆ ಗಾಯದ ಗೆರೆ ಮುಂದಿನ ನಾಣ್ಯಗಳಲ್ಲೆಲ್ಲ ಮೂಡುತ್ತಿತ್ತು.

ಈ ಕೆಲಸ ಮಾಡಿದ ಕೆಲವರು ಯಾರೆಂಬುದೂ ಗೊತ್ತಿದೆ. ಕ್ರಿ.ಶ. 115ರಲ್ಲಿ, ಟ್ರಾಜನ್ನನ ಕಾಲದಲ್ಲಿ, ರೋಮಿನ ಟಂಕಸಾಲೆಯ ಕೆಲಸಗಾರರು ದೇವರಿಗೆ ಕಲ್ಲುಗಳನ್ನು ಅರ್ಪಿಸಿದರು. ಅವುಗಳಲ್ಲೊಂದು ಹರ್ಕ್ಯುಲಿಸನಿಗೆ. ಬಿಲ್ಲೆಯಿಡುವವರು 'ಸುಪ್ಪೊಸ್ಟೋರೆಸ್', ಸುತ್ತಿಗೆಯವರು 'ಮಲ್ಲಿಯಾಟೋರೆಸ್' ಎಂದು ಅದರಲ್ಲಿ ಬೇರೆಬೇರೆಯಾಗಿ ಕೊರೆದಿದೆ. ಅವರಲ್ಲಿ ಗುಲಾಮರೂ ಇದ್ದರು, ಬಿಡುಗಡೆಯಾದವರೂ ಇದ್ದರು. ಅವರ ಹೆಸರುಗಳೂ ಅಲ್ಲಿವೆ.